ಗರಡಿಯ ಬಲ: ಮಂತ್ರದ್ದೋ ಮೈಬೆವರಿನದ್ದೋ?

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯವರಿಗೆ ಭೀಮ ದೂರದವನಲ್ಲ. ಅದೇ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎಂಬ ಪ್ರತೀತಿ ಇದೆ. ಕೈವಾರದ ನಾರೇಯಣ ಯತೀಂದ್ರರ ಬಗ್ಗೆಯೂ ಒಂದು ಕಥೆ ಕೇಳಿರುತ್ತೀರಿ. ಗುರು ಕೊಟ್ಟ ಕಲ್ಲನ್ನು ಬಾಯಲ್ಲಿಟ್ಟುಕೊಂಡು ನಾರಾಯಣ ಮಂತ್ರ ಜಪಿಸುತ್ತ ಕುಳಿತರಂತೆ, ಕೊನೆಗೆ ಕಲ್ಲು ಕಲ್ಲುಸಕ್ಕರೆಯಾಯಿತಂತೆ. ಈ ಕಥೆ ಹೇಳುವಾಗ ಎಲ್ಲರ ಬಾಯಲ್ಲೂ ಬರುವುದು ಸಕ್ಕರೆ. ಅಷ್ಟು ಕಾಲ ಅಲುಗದೆ ಕುಳಿತದ್ದನ್ನು ಎತ್ತಿ ಹೇಳುವವರು ಕಡಿಮೆ.

ಗರಡಿ ಮನೆಯ ವಿಷಯದಲ್ಲೂ ಹೀಗೇ ಆಗಿದೆ. ಪೈಲ್ವಾನ್ ಗೆದ್ದರೆ ಆಂಜನೇಯನ ವರ, ಉಸ್ತಾದರ ಗುಟ್ಟು, ತೋಳಿನ ತಾಯಿತ ಎಂದು ಮಾತು ಹುಟ್ಟುತ್ತದೆ. ಗರಡಿಯಲ್ಲಿ ದೇವರೂ ಇದ್ದಾನೆ, ದಂಡೆಯೂ ಇದೆ. ಯಾವುದು ಏನು ಕೆಲಸ ಮಾಡುತ್ತದೆ ಎಂಬುದರಲ್ಲಿ ಮಾತ್ರ ಗೊಂದಲವಿದೆ.

ನಂಬಿಕೆ 1: ಮಂತ್ರಸಿದ್ಧಿ ಇದ್ದವನ ಬೆನ್ನು ಮಣ್ಣಿಗೆ ತಾಗುವುದಿಲ್ಲ.

ಸತ್ಯ: ಬೆನ್ನು ಮಣ್ಣಿಗೆ ತಾಗದಂತೆ ಕಾಯುವುದು ಕುತ್ತಿಗೆ, ಸೊಂಟ, ಕಾಲು ಮತ್ತು ಪಟ್ಟಿನ ತಿಳಿವಳಿಕೆ. ದಂಡೆ ಹೊಡೆದರೆ ಎದೆ, ಭುಜ, ಬೆನ್ನು ಗಟ್ಟಿಯಾಗುತ್ತವೆ. ಬಸ್ಕಿ ತೊಡೆಗೆ ಬಲ ಕೊಡುತ್ತದೆ. ಗದೆ ತಿರುಗಿಸಿದರೆ ಭುಜದ ಜೊತೆಗೆ ಕೈಹಿಡಿತವೂ ಬಿಗಿಯಾಗುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಬೆಳಗನ್ನು ಬರೆದಿಟ್ಟಿದ್ದಾನೆ. ರಾಜ ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನಲ್ಲಿ ಮಾಡಿದ ಭಾರಗಳನ್ನು ಎತ್ತುತ್ತಿದ್ದ. ಆಮೇಲೆ ಕತ್ತಿ ಬೀಸುತ್ತ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಧನೆ, ಬಳಿಕ ತನ್ನ ಮಲ್ಲನೊಬ್ಬನ ಜೊತೆ ಕುಸ್ತಿ, ಅದಾದ ಮೇಲೆ ಕುದುರೆ ಸವಾರಿ. ದೇವರ ದರ್ಶನಕ್ಕೆ ಹೋಗುತ್ತಿದ್ದುದು ಇಷ್ಟೆಲ್ಲ ಮುಗಿಸಿ, ಸ್ನಾನ ಮಾಡಿದ ನಂತರ. ರಾಜನಿಗೂ ಬೆವರಿನಿಂದ ವಿನಾಯಿತಿ ಇರಲಿಲ್ಲ.

ಸಾಧನೆ ಮರೆತು ಮಂತ್ರವನ್ನಷ್ಟೇ ಹೊಗಳುವ ಈ ಗತಿ ಜಪಾನಿನ ನಿಂಜಾಗಳಿಗೂ ಬಂದಿದೆ. ಸಿನಿಮಾದಲ್ಲಿ ಅವರು ಬೆರಳು ಹೆಣೆದು ಮಂತ್ರ ಹೇಳಿ ಮಾಯವಾಗುತ್ತಾರೆ. ಆ ಮಂತ್ರದ ಒಂಬತ್ತು ಅಕ್ಷರಗಳ ಮೂಲ 4ನೇ ಶತಮಾನದ ಚೀನಾದ ಗ ಹಾಂಗ್ ಬರೆದ ತಾವೋ ಗ್ರಂಥದಲ್ಲಿದೆ. ಜಪಾನಿನಲ್ಲಿ ಅವಕ್ಕೆ ತಾಂತ್ರಿಕ ಬೌದ್ಧರ ಮುದ್ರೆಗಳು ಸೇರಿಕೊಂಡವು. ಭಯ ಕಳೆದು ಮನಸ್ಸನ್ನು ಒಂದೆಡೆ ನಿಲ್ಲಿಸಲು, ರಕ್ಷೆ ಬೇಡಲು ಅವು ಇದ್ದವು. ಇಗಾ, ಕೋಕಾ ಎಂಬ ಬೆಟ್ಟದ ಸೀಮೆಗಳ ಈ ಗೂಢಚಾರರ ವಿದ್ಯೆಯನ್ನು 1676ರಲ್ಲಿ ಫುಜಿಬಯಾಶಿ ಎಂಬವನು ‘ಬಾನ್‌ಸೆನ್‌ಶುಕಾಯ್’ ಎಂಬ ಗ್ರಂಥವಾಗಿ ಜೋಡಿಸಿದ. ಅದು ಶುರುವಿನಲ್ಲೇ ಒತ್ತು ಕೊಡುವುದು ನೆಟ್ಟಗಿನ ಮನಸ್ಸಿಗೆ. ವೇಷ ಮರೆಸಿಕೊಳ್ಳುವುದು, ಕೋಟೆಯೊಳಗೆ ನುಸುಳುವುದು, ಹವಾಮಾನ ಅಳೆಯುವುದು, ಬೆಂಕಿಯ ಬಳಕೆ ಎಲ್ಲ ಅದರ ಬೆನ್ನಿಗೆ ಬರುತ್ತವೆ. ಮೈತುಂಬ ಕಪ್ಪು ಬಟ್ಟೆ ತೊಟ್ಟ ನಿಂಜಾನ ಚಿತ್ರ ಬೆಳೆದದ್ದು ಬಹುಮಟ್ಟಿಗೆ ನಾಟಕದ ರಂಗದಲ್ಲಿ.

ನಂಬಿಕೆ 2: ಗರಡಿಯ ಮಟ್ಟಿ ಮೈಗೆ ಮೆತ್ತಿದರೆ ಗಾಯ, ಚರ್ಮರೋಗ ಎಲ್ಲ ವಾಸಿ.

ಸತ್ಯ: ಮಟ್ಟಿ ಎಂದರೆ ಸುಮ್ಮನೆ ತಂದು ಸುರಿದ ಮಣ್ಣಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ಕಲ್ಲು ಬೇರು ತೆಗೆದು, ಎಣ್ಣೆ, ಅರಿಸಿನ, ಮಜ್ಜಿಗೆಯಂಥವನ್ನು ಬೆರೆಸಿ ಹದ ಮಾಡುತ್ತಾರೆ. ಬೀಳುವವನಿಗೆ ಪೆಟ್ಟಾಗಬಾರದು, ಕಾಲು ಜಾರಬಾರದು ಎಂಬುದು ಆ ಹದದ ಲೆಕ್ಕ. ಗುದ್ದಲಿ ಹಿಡಿದು ಅದನ್ನು ಅಗೆದು ಸಡಿಲ ಮಾಡುವುದು ಹುಡುಗರ ಪಾಲಿನ ಕೆಲಸ, ಅದೇ ಒಳ್ಳೆಯ ತಾಲೀಮು ಕೂಡ. ಅಖಾಡಕ್ಕೆ ಇಳಿಯುವವನು ಚಿಟಿಕೆ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾನೆ. ಹಿಡಿ ಮಣ್ಣನ್ನು ತನ್ನ ಮೈಗೂ ಎದುರಾಳಿಯ ಮೈಗೂ ಹಾಕುತ್ತಾನೆ. ಮೊದಲನೆಯದು ನಮಸ್ಕಾರ. ಎರಡನೆಯದು ಬೆವರನ್ನು ಹೀರಿ ಹಿಡಿತ ಜಾರದಂತೆ ಮಾಡುವ ಉಪಾಯ. ಭಕ್ತಿ ಮತ್ತು ಉಪಯೋಗ ಒಂದೇ ಕೈಯಲ್ಲಿ ನಡೆಯುತ್ತವೆ.

ಆದರೆ ಮಟ್ಟಿ ಔಷಧಿಯಲ್ಲ. ಮೈಗೆ ಮೈ ಉಜ್ಜುವ ಆಟದಲ್ಲಿ ಹುಳುಕಡ್ಡಿ ಬೇಗ ಹರಡುತ್ತದೆ. ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರಬಹುದು. ತರಚಿದ ಗಾಯವನ್ನು ಸೋಪು ನೀರಿನಲ್ಲಿ ತೊಳೆಯಬೇಕು, ಧನುರ್ವಾಯು ತಡೆಯುವ ಚುಚ್ಚುಮದ್ದು ಆಗಿದೆಯೇ ನೋಡಿಕೊಳ್ಳಬೇಕು, ಹುಳುಕಡ್ಡಿ ಇರುವವನು ವಾಸಿಯಾಗುವವರೆಗೆ ಅಖಾಡಕ್ಕೆ ಇಳಿಯಬಾರದು.

ನಂಬಿಕೆ 3: ಬ್ರಹ್ಮಚರ್ಯ ಕೆಟ್ಟರೆ ಬಲ ಸೋರಿಹೋಗುತ್ತದೆ.

ಸತ್ಯ: ವೀರ್ಯ ಹೋದರೆ ಮಾಂಸಖಂಡ ಕರಗುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಒಪ್ಪುವುದಿಲ್ಲ. ನಿದ್ದೆಯಲ್ಲಿ ಸ್ಖಲನವಾಗುವುದು ಹರೆಯದ ಹುಡುಗರಲ್ಲಿ ಸಹಜ. ಅದಕ್ಕೆ ಹೆದರಿ ಕುಗ್ಗುವ ಹುಡುಗರೇ ಹೆಚ್ಚು ನರಳುತ್ತಾರೆ. ಹಾಗಂತ ಉಸ್ತಾದರ ಕಟ್ಟುಪಾಡು ಪೊಳ್ಳಲ್ಲ. ಬೇಗ ಮಲಗು, ಕೋಳಿ ಕೂಗುವ ಹೊತ್ತಿಗೆ ಏಳು, ಹೆಂಡ ಬೀಡಿ ಮುಟ್ಟಬೇಡ, ಜಗಳಕ್ಕೆ ಹೋಗಬೇಡ ಎಂಬ ನಿಯಮಗಳೆಲ್ಲ ಬ್ರಹ್ಮಚರ್ಯ ಎಂಬ ಒಂದೇ ಹೆಸರಿನಡಿ ಬರುತ್ತಿದ್ದವು. ದುಡಿದ ದೇಹಕ್ಕೆ ನಿದ್ದೆಯೇ ದುರಸ್ತಿ. ಬಲ ತಂದದ್ದು ಆ ದಿನಚರಿ, ಹೆಸರು ಸಿಕ್ಕಿದ್ದು ವ್ರತಕ್ಕೆ.

ನಂಬಿಕೆ 4: ವಜ್ರಮುಷ್ಟಿ ಸಾಯುವವರೆಗಿನ ಕಾಳಗ.

ಸತ್ಯ: ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಂಬೂ ಸವಾರಿಗೆ ಮೊದಲು ಜಟ್ಟಿಗಳು ವಜ್ರಮುಷ್ಟಿ ಕಾಳಗ ಆಡುತ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳವರು ಜೋಡಿಯಾಗಿ ಇಳಿಯುತ್ತಾರೆ. ಮುಷ್ಟಿಯಲ್ಲಿ ಮೊನಚಾದ ಆಯುಧ, ತಲೆ ಬೋಳು. ಎದುರಾಳಿಯ ತಲೆಯಲ್ಲಿ ಮೊದಲ ರಕ್ತದ ಹನಿ ಕಂಡಕೂಡಲೇ ಕಾಳಗ ನಿಲ್ಲಿಸುತ್ತಾರೆ. ಎಷ್ಟೋ ಸಲ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಕೊಲ್ಲುವುದು ಗುರಿಯಾಗಿದ್ದರೆ ನಿಲ್ಲಿಸುವವರು ಪಕ್ಕದಲ್ಲೇ ನಿಂತಿರುತ್ತಿರಲಿಲ್ಲ. ಹೊಡೆತಕ್ಕಿಂತ ಕಷ್ಟವಾದದ್ದು ತಡೆ ಎಂದಾಗ ಕೈ ತಡೆದುಕೊಳ್ಳುವುದು. ಜಟ್ಟಿಗಳ ಸಾಧನೆಯ ದೊಡ್ಡ ಭಾಗ ಅದೇ.

ನಂಬಿಕೆ 5: ಹೆಣ್ಣುಮಕ್ಕಳಿಗೆ ಕುಸ್ತಿ ಸಲ್ಲದು, ಮಣ್ಣಿನಲ್ಲಿ ಗೆದ್ದವನು ಎಲ್ಲೂ ಗೆಲ್ಲುತ್ತಾನೆ.

ಸತ್ಯ: ಹಳೆಯ ಗರಡಿಗಳಲ್ಲಿ ಹೆಂಗಸರನ್ನು ಮಟ್ಟಿಗೆ ಬಿಡದ ಕಟ್ಟಳೆ ಇನ್ನೂ ಇದೆ. ಅದು ಸಂಪ್ರದಾಯ, ದೇಹದ ನಿಯಮವಲ್ಲ. 2004ರಿಂದ ಮಹಿಳಾ ಕುಸ್ತಿ ಒಲಿಂಪಿಕ್ಸ್‌ನಲ್ಲಿದೆ. 2016ರಲ್ಲಿ ರಿಯೊದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ಇನ್ನು ಮ್ಯಾಟ್ ಕುಸ್ತಿಯ ಲೆಕ್ಕವೇ ಬೇರೆ: ಮೂರು ನಿಮಿಷದ ಎರಡು ಸುತ್ತು, ಪಟ್ಟಿಗೆ ತಕ್ಕ ಅಂಕ. ಮಣ್ಣಿನಲ್ಲಿ ತಾಳ್ಮೆಯಿಂದ ಎದುರಾಳಿಯನ್ನು ದಣಿಸಿ ಚಿತ್ ಮಾಡುವವನಿಗೆ ಮ್ಯಾಟ್ ಮೇಲೆ ಅಷ್ಟು ಸಮಯ ಸಿಗುವುದಿಲ್ಲ. 1952ರ ಹೆಲ್ಸಿಂಕಿಯಲ್ಲಿ ಕಂಚು ತಂದ ಖಾಶಾಬಾ ಜಾಧವ್ ಪಳಗಿದ್ದು ಕುಸ್ತಿಗೆ ಹೆಸರಾದ ಕೊಲ್ಹಾಪುರದಲ್ಲಿ, ಗೆದ್ದದ್ದು ಮ್ಯಾಟ್ ಮೇಲೆ. ಎರಡೂ ಕಲಿಯಬೇಕು.

ಮಕ್ಕಳನ್ನು ಕುಸ್ತಿಗೆ ಸೇರಿಸುವವರು ಉಸ್ತಾದರ ಬಳಿ ಯಾವ ಸಿದ್ಧಿ ಇದೆ ಎಂದು ವಿಚಾರಿಸಬೇಕಿಲ್ಲ. ಬಿದ್ದಾಗ ಕುತ್ತಿಗೆ ಉಳಿಸಿಕೊಳ್ಳುವುದನ್ನು ಮೊದಲ ದಿನದಿಂದಲೇ ಕಲಿಸುತ್ತಾರೆಯೇ, ಗಾಯವಾದರೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆಯೇ, ತೂಕ ಇಳಿಸಲು ಮಕ್ಕಳನ್ನು ಉಪವಾಸ ಕೆಡವುತ್ತಾರೆಯೇ ಎಂದು ಕೇಳಿ. ಆಂಜನೇಯನಿಗೆ ಕೈಮುಗಿದು ಇಳಿಯುವ ಹುಡುಗನಿಗೆ ಧೈರ್ಯ ಬರುವುದು ನಿಜ. ಮುಂದಿನ ದಂಡೆಗಳನ್ನು ಅವನೇ ಹೊಡೆಯಬೇಕು.