ಏಳದ ಗಣಕಯಂತ್ರಕ್ಕೆ ಪ್ರಥಮ ಚಿಕಿತ್ಸೆ

೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಯಂತ್ರಕ್ಕೆ ವಿದ್ಯುತ್ತೇ ಪ್ರಾಣವೆಂದು ಈ ಸೀಮೆ ಅಂದೇ ಅರಿಯಿತು. ದಾನಿಗಳು ಶಾಲೆಗಿತ್ತ ಹಳೆಯ ಗಣಕಯಂತ್ರ ಏಳದಿದ್ದಾಗಲೂ ಮೊದಲು ಪರೀಕ್ಷಿಸತಕ್ಕದ್ದು ಅದನ್ನೇ. ಫ್ಯಾನು ತಿರುಗದಿದ್ದರೆ ಪ್ಲಗ್ಗು, ತಂತಿಗಳನ್ನು ನೋಡಬೇಕು. ಒಳಗಿನ ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು. ಫ್ಯಾನು ತಿರುಗಿಯೂ ತೆರೆ ಕಪ್ಪಾಗಿದ್ದು ಬೀಪ್ ಧ್ವನಿ ಮರುಕಳಿಸಿದರೆ, ಪ್ಲಗ್ಗು ಕಿತ್ತು, ರ್‍ಯಾಮ್ ಫಲಕವನ್ನು ತೆಗೆದು, ಧೂಳೊರೆಸಿ ಮರಳಿ ಕೂರಿಸಬೇಕು. ದಿನಾಂಕವು ಪ್ರತಿಸಲವೂ ೧೯೮೦ರಂಥ ಹಳೆಯ ವರ್ಷಕ್ಕೆ ಸರಿಯುತ್ತಿದ್ದರೆ, ನಾಣ್ಯದಾಕಾರದ ೩ ವೋಲ್ಟಿನ ಬ್ಯಾಟರಿ ಬರಿದಾಗಿರುವುದೇ ಸಾಮಾನ್ಯ ಕಾರಣ. ಇಷ್ಟಕ್ಕೂ ಏಳದ ಯಂತ್ರವನ್ನು ಗುಜರಿಗೆ ಕಳುಹುವ ಮುನ್ನ ಹಾರ್ಡ್ ಡಿಸ್ಕನ್ನು ತೆಗೆದಿರಿಸಿಕೊಳ್ಳತಕ್ಕದ್ದು. ಯಂತ್ರ ಅಳಿದರೂ ಹಳೆಯ ವಿದ್ಯಾರ್ಥಿಗಳ ದಾಖಲೆಗಳು ಅದರಲ್ಲಿ ಉಳಿದಿರಬಹುದು.