ಚೆರ್ರಿ ಸೀಗಡಿಗೆ ಸಿರವಾರದ ನೀರು

ರಾಯಚೂರು ಜಿಲ್ಲೆಯ ಸಿರವಾರದ ಮನೆಗಳಿಗೆ ಮೂರು ಬಗೆಯ ನೀರು ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯದು ಒಂದು, ಬೋರ್‌ವೆಲ್ಲಿನ ಸವುಳು ನೀರು ಇನ್ನೊಂದು, ಶುದ್ಧೀಕರಣ ಘಟಕದಿಂದ ಕ್ಯಾನಿನಲ್ಲಿ ಹೊತ್ತು ತರುವ ಫಿಲ್ಟರ್ ನೀರು ಮೂರನೆಯದು. ಎರಡೂವರೆ ಸೆಂಟಿಮೀಟರ್ ಉದ್ದದ, ಕುಂಕುಮ ಬಣ್ಣದ ಚೆರ್ರಿ ಸೀಗಡಿಯನ್ನು ಗಾಜಿನ ತೊಟ್ಟಿಯಲ್ಲಿ ಸಾಕಬೇಕೆಂದರೆ ಈ ಮೂರರಲ್ಲಿ ಒಂದೂ ಇದ್ದ ಹಾಗೆಯೇ ಒದಗುವುದಿಲ್ಲ. ಮೊದಲನೆಯದರಲ್ಲಿ ಗದ್ದೆಗೆ ಹೊಡೆದ ಎಣ್ಣೆ, ಅಂದರೆ ಕೀಟನಾಶಕ, ಬೆರೆತಿರಬಹುದು. ಎರಡನೆಯದರಲ್ಲಿ ಲವಣ ವಿಪರೀತ. ಮೂರನೆಯದರಲ್ಲಿ ಲವಣವೇ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಸೀಗಡಿ ಸಾಕುವುದೆಂದರೆ ಮೊದಲು ನೀರನ್ನು ಅರಿಯುವ ಕೆಲಸ.

ಗೋಲ್ಡ್‌ಫಿಶ್, ಗಪ್ಪಿ ಸಾಕಿ ಅನುಭವ ಇದ್ದವರಿಗೂ ಸೀಗಡಿ ಬೇಗ ಕೈಗೂಡುವುದಿಲ್ಲ. ಮೀನು ತಾಳಿಕೊಳ್ಳುವ ಎಷ್ಟೋ ಏರುಪೇರನ್ನು ಇದು ತಾಳದು. ಕಾರಣ ಅದರ ದೇಹರಚನೆಯಲ್ಲೇ ಇದೆ. ಮೀನಿಗೆ ಬೆನ್ನೆಲುಬುಂಟು, ಸೀಗಡಿಯದು ಮಿಡತೆ, ಜೇಡ, ಏಡಿಗಳು ಸೇರಿದ ಸಂಧಿಪದಿಗಳ ವಂಶ. ಅಸ್ಥಿಪಂಜರ ಹೊರಗಿದೆ, ಕೈಟಿನ್ ಎಂಬ ನಾರುವಸ್ತುವಿಗೆ ಕ್ಯಾಲ್ಸಿಯಂ ಸೇರಿ ಗಟ್ಟಿಯಾದ ಚಿಪ್ಪು. ಈ ಚಿಪ್ಪು ಒಮ್ಮೆ ಬಿಗಿದ ಮೇಲೆ ಹಿಗ್ಗುವುದಿಲ್ಲ. ಬೆಳೆಯಬೇಕಾದರೆ ಅದನ್ನು ಕಳಚಲೇಬೇಕು.

ಪೊರೆ ಕಳಚುವ ಆ ಗಳಿಗೆ ಸೀಗಡಿಯ ಬದುಕಿನಲ್ಲಿ ಅತ್ಯಂತ ಅಪಾಯದ್ದು. ಎಕ್ಡೈಸೋನ್ ಎಂಬ ಹಾರ್ಮೋನು ಏರುತ್ತಿದ್ದಂತೆ ಹಳೆಯ ಚಿಪ್ಪಿನ ಒಳಗೆ ಹೊಸದೊಂದು ಮೆತ್ತನೆಯ ಪದರ ಸಿದ್ಧವಾಗುತ್ತದೆ. ಹಳೆಯದರಲ್ಲಿದ್ದ ಸ್ವಲ್ಪ ಖನಿಜವನ್ನು ದೇಹ ಹಿಂದಕ್ಕೆ ಹೀರಿಕೊಳ್ಳುತ್ತದೆ. ಬಳಿಕ ತಲೆಯ ಕವಚಕ್ಕೂ ಹೊಟ್ಟೆಯ ಭಾಗಕ್ಕೂ ನಡುವಿನ ಸಂದು ಬಿರಿಯುತ್ತದೆ, ಪ್ರಾಣಿ ಬೆನ್ನು ಬಾಗಿಸಿ ಒಂದೇ ಜಿಗಿತಕ್ಕೆ ಹೊರಬರುತ್ತದೆ. ಕಾಲು, ಮೀಸೆ, ಕಣ್ಣಿನ ಹೊದಿಕೆ ಸಮೇತ ಒಂದು ಪಾರದರ್ಶಕ ಖಾಲಿ ಸೀಗಡಿ ಹಿಂದೆ ಉಳಿಯುತ್ತದೆ. ಹೊಸಬರು ಅದನ್ನು ಕಂಡು ಸೀಗಡಿ ಸತ್ತಿತೆಂದು ತೆಗೆದು ಬಿಸಾಡುವುದುಂಟು. ಹಾಗೆ ಮಾಡಬಾರದು, ಅದರಲ್ಲಿರುವ ಖನಿಜಕ್ಕಾಗಿ ಸೀಗಡಿಗಳೇ ಅದನ್ನು ತಿನ್ನುತ್ತವೆ. ಹೊರಬಂದ ಪ್ರಾಣಿ ನೀರು ಹೀರಿ ಮೈ ಹಿಗ್ಗಿಸಿಕೊಂಡು, ಕ್ಯಾಲ್ಸಿಯಂ ಎಳೆದುಕೊಂಡು ಹೊಸ ಚಿಪ್ಪನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿನಲ್ಲಿ ಇಲ್ಲದಿದ್ದರೆ ಚಿಪ್ಪು ಮೆತ್ತಗೇ ಉಳಿಯುತ್ತದೆ. ಲವಣಾಂಶ ಒಮ್ಮೆಗೇ ಏರಿಳಿದರೆ ಅಕಾಲದಲ್ಲಿ ಪೊರೆ ಬಿಡಲು ಹೊರಟು, ಕುತ್ತಿಗೆಯ ಸುತ್ತ ಬಿಳಿ ಉಂಗುರ ಮೂಡಿ, ಅರ್ಧಕ್ಕೇ ಸಿಕ್ಕಿ ಸಾಯುತ್ತದೆ. ಅಂಗಡಿಯಿಂದ ತಂದ ಸೀಗಡಿಯನ್ನು ನೇರವಾಗಿ ತೊಟ್ಟಿಗೆ ಸುರಿಯದೆ, ಸಣ್ಣ ಕೊಳವೆಯಿಂದ ಹನಿಹನಿಯಾಗಿ ಹೊಸ ನೀರು ಬಿಡುತ್ತ ಗಂಟೆಗಟ್ಟಲೆ ಒಗ್ಗಿಸುವುದು ಇದೇ ಕಾರಣಕ್ಕೆ.

ಚೆರ್ರಿ ಸೀಗಡಿಯ ಮೂಲ ಪೂರ್ವ ಏಷ್ಯಾದ ತೊರೆಗಳು. ಶಾಸ್ತ್ರೀಯ ಹೆಸರು ನಿಯೋಕ್ಯಾರಿಡಿನಾ ಡೇವಿಡಿ, 1904ರಲ್ಲಿ ಫ್ರೆಂಚ್ ಪ್ರಾಣಿವಿಜ್ಞಾನಿ ಬೂವಿಯೇ ಇದನ್ನು ಮೊದಲು ವರ್ಣಿಸಿದ. ಕಾಡುರೂಪದಲ್ಲಿ ಅದು ಕಂದು, ಮಾಸಲು ಹಸಿರು, ಇಲ್ಲವೇ ಬಣ್ಣವೇ ಇಲ್ಲದ ಪ್ರಾಣಿ. ಸಾಕಣೆದಾರರು ತಲೆಮಾರುಗಳುದ್ದಕ್ಕೂ ಆರಿಸಿ ಆರಿಸಿ ಕೂಡಿಸಿದ್ದರಿಂದ ಇವತ್ತಿನ ಕೆಂಪು, ಹಳದಿ, ನೀಲಿ ತಳಿಗಳು ಬಂದಿವೆ. ಸೀಗಡಿಗೆ ತೊಟ್ಟಿಯಲ್ಲಿ ಇಷ್ಟೊಂದು ಮಾನ ಸಿಕ್ಕಿದ್ದರ ಹಿಂದೆ ಜಪಾನಿನ ತಕಾಶಿ ಅಮಾನೋ ಇದ್ದಾರೆ. 1980ರ ದಶಕದಲ್ಲಿ ಜಲಸಸ್ಯಗಳ ಸುಂದರ ತೊಟ್ಟಿಗಳನ್ನು ಕಟ್ಟುತ್ತಿದ್ದ ಅವರು ಪಾಚಿ ಮೇಯಲೆಂದು ಒಂದು ಜಾತಿಯ ಸೀಗಡಿಯನ್ನು ಬಿಡತೊಡಗಿದರು. ಆ ಜಾತಿ ಈಗ ಅವರದೇ ಹೆಸರಿನಲ್ಲಿ ಮಾರಾಟವಾಗುತ್ತದೆ.

ಮೇಯುವ ಬಗೆಯನ್ನು ಕೈಮಸೂರದಲ್ಲಿ ನೋಡಿಯೇ ತಿಳಿಯಬೇಕು. ಚೆರ್ರಿಯ ಕುಟುಂಬದ ಸೀಗಡಿಗಳ ಮುಂದಿನ ಎರಡು ಜೊತೆ ಕಾಲುಗಳ ತುದಿಯಲ್ಲಿ ಪುಟ್ಟ ಚಿಮಟ, ಚಿಮಟದ ತುದಿಯಲ್ಲಿ ಕೂದಲಿನ ಕುಚ್ಚು ಇವೆ. ಕಲ್ಲು, ಎಲೆ, ಗಾಜು ಎಲ್ಲದರ ಮೇಲೂ ಬ್ಯಾಕ್ಟೀರಿಯಾ, ಪಾಚಿ ಸೇರಿ ಕಟ್ಟುವ ಲೋಳೆಯ ಪದರವನ್ನು ಆ ಕುಚ್ಚಿನಿಂದ ಒರೆಸಿ ಒರೆಸಿ ಬಾಯಿಗಿಡುತ್ತವೆ. ಹೊಸ ತೊಟ್ಟಿಯಲ್ಲಿ ಆ ಪದರ ಇರುವುದಿಲ್ಲ. ತ್ಯಾಜ್ಯದ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳೂ ಇರುವುದಿಲ್ಲ. ನಾಲ್ಕರಿಂದ ಆರು ವಾರ ನೀರು, ಗಿಡ, ಫಿಲ್ಟರ್ ಮಾತ್ರ ಇಟ್ಟು ಕಾಯುವುದು ಅನಿವಾರ್ಯ. ನಮ್ಮ ಬೋರ್‌ವೆಲ್ ನೀರಿನ ಕ್ಷಾರಗುಣ ಇಲ್ಲಿ ಇನ್ನೊಂದು ತೊಡಕು ತರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ.

ಈಗ ಲೆಕ್ಕ. ಚೆರ್ರಿ ಸೀಗಡಿಗೆ ಹಿತವಾದ ಕರಗಿದ ಲವಣಾಂಶ, ಅಂದರೆ ಟಿಡಿಎಸ್, ಲೀಟರಿಗೆ 150ರಿಂದ 250 ಮಿಲಿಗ್ರಾಂ ಆಸುಪಾಸು. ರಾಯಚೂರು ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಅದು ಸಾವಿರ ದಾಟುತ್ತದೆ. ಬೋರ್ ನೀರು 1200, ಘಟಕದ ನೀರು 40 ಎಂದುಕೊಳ್ಳೋಣ. ಒಂದು ಪಾಲು ಬೋರ್ ನೀರಿಗೆ ಐದು ಪಾಲು ಘಟಕದ ನೀರು ಬೆರೆಸಿದರೆ 233 ಬರುತ್ತದೆ. ಮಾರುಕಟ್ಟೆಯ ದುಬಾರಿ ಖನಿಜಪುಡಿ ಕೊಳ್ಳದೆಯೇ, ಊರಿನ ಬಂಡೆಯಿಂದ ಬಂದ ಕ್ಯಾಲ್ಸಿಯಂ, ಮೆಗ್ನೀಸಿಯಮ್ಮಿನಿಂದಲೇ ಚಿಪ್ಪಿಗೆ ಬೇಕಾದದ್ದು ಬಹುಮಟ್ಟಿಗೆ ಒದಗುತ್ತದೆ. ಪೆನ್ನಿನಾಕಾರದ ಟಿಡಿಎಸ್ ಮಾಪಕ ಈ ಹವ್ಯಾಸದಲ್ಲಿ ಮೊದಲು ಕೊಳ್ಳಬೇಕಾದ ವಸ್ತು, ಸೀಗಡಿಗಿಂತ ಮೊದಲು. ಅದು ಲವಣದ ಒಟ್ಟು ಮೊತ್ತ ಹೇಳುತ್ತದೆಯೇ ಹೊರತು ಯಾವ ಲವಣವೆಂದು ಹೇಳುವುದಿಲ್ಲ. ಗೊಬ್ಬರದ ನೈಟ್ರೇಟ್ ಇಳಿದ ಬಾವಿಯಾದರೆ ಬೇರೆ ಪರೀಕ್ಷೆಯೇ ಬೇಕು.

ಕಾಲುವೆ ನೀರನ್ನು ನಾನು ಪಟ್ಟಿಯಿಂದ ಪೂರ್ತಿ ಬಿಡುತ್ತೇನೆ. ಲವಣದ ದೃಷ್ಟಿಯಿಂದ ಅದೇ ಒಳ್ಳೆಯ ನೀರು, ತುಂಗೆ ಭದ್ರೆಯರ ಮಲೆನಾಡಿನ ಮೆದು ನೀರು. ಆದರೆ ಹೊಸಪೇಟೆಯ ಅಣೆಕಟ್ಟೆಯಿಂದ ಹೊರಟು 227 ಕಿಲೋಮೀಟರ್ ಹರಿಯುವ ಈ ಕಾಲುವೆಯ ಕೊನೆಯ ಭಾಗದಲ್ಲಿ ನಾವಿದ್ದೇವೆ. ಗಂಗಾವತಿ, ಸಿಂಧನೂರು, ಮಾನ್ವಿಗಳ ಭತ್ತದ ಸೀಮೆಯನ್ನು ದಾಟಿ ನೀರು ಇಲ್ಲಿಗೆ ಬರಬೇಕು. ಭತ್ತಕ್ಕೆ ಕಂದು ಜಿಗಿಹುಳು ಬಿದ್ದಾಗ ಹೊಡೆಯುವ ಬುಪ್ರೊಫೆಜಿನ್ ಕೆಲಸ ಮಾಡುವುದೇ ಕೀಟದ ಮೈಯಲ್ಲಿ ಕೈಟಿನ್ ಕಟ್ಟದಂತೆ ತಡೆದು. ಸೀಗಡಿಯ ಚಿಪ್ಪೂ ಅದೇ ಕೈಟಿನ್. ಕಾಂಡಕೊರಕಕ್ಕೆ ಬಳಸುವ ಫಿಪ್ರೊನಿಲ್, ಹತ್ತಿಗೆ ಹೊಡೆಯುವ ಪೈರೆಥ್ರಾಯ್ಡುಗಳು ಸಂಧಿಪದಿಗಳ ನರವ್ಯೂಹಕ್ಕೇ ಗುರಿಯಿಟ್ಟವು. ಕೀಟಕ್ಕೂ ಸೀಗಡಿಗೂ ನಡುವಿನ ನಂಟನ್ನು ಈ ರಾಸಾಯನಿಕಗಳು ಚೆನ್ನಾಗಿ ಬಲ್ಲವು.

ಅಮೆರಿಕದ ಲೂಸಿಯಾನಾದಲ್ಲಿ ಇಂಥ ಹಾನಿ ಬಹಳ ದೊಡ್ಡ ಪ್ರಮಾಣದಲ್ಲಿ ನಡೆದುಹೋಯಿತು. ಅಲ್ಲಿ ಭತ್ತದ ಗದ್ದೆಗಳ ಜೊತೆಗೇ ಸೀಗಡಿಯ ಬಂಧು ಕ್ರಾಫಿಶ್ ಸಾಕುತ್ತಾರೆ. 1999ರಲ್ಲಿ ಭತ್ತದ ಬೀಜಕ್ಕೆ ಫಿಪ್ರೊನಿಲ್ ಲೇಪಿಸಿ ಬಿತ್ತತೊಡಗಿದ ಮೇಲೆ ಕ್ರಾಫಿಶ್ ಬೆಳೆ ನೆಲಕಚ್ಚಿತು. ಸಾಕಣೆದಾರರು ನ್ಯಾಯಾಲಯಕ್ಕೆ ಹೋದರು, 2004ರಲ್ಲಿ ನಾಲ್ಕೂವರೆ ಕೋಟಿ ಡಾಲರಿಗೆ ಪ್ರಕರಣ ಇತ್ಯರ್ಥವಾಯಿತು. ಅಲ್ಲಿ ಗದ್ದೆಗೆ ವಿಷ ಸುರಿಯುವ ದುರುದ್ದೇಶ ಯಾರಿಗೂ ಇರಲಿಲ್ಲ, ಲೇಪ ಹಚ್ಚಿದ ಬೀಜವಷ್ಟೇ ಇತ್ತು. ನಮ್ಮ ಕಾಲುವೆಯ ಕೊನೆಯ ಭಾಗದ ರೈತರು ನೀರು ಬಾರದ್ದಕ್ಕೆ ದನಿ ಎತ್ತುತ್ತಲೇ ಇರುತ್ತಾರೆ. ಬಂದ ನೀರಿನಲ್ಲಿ ಏನೇನಿದೆ ಎಂಬ ಪ್ರಶ್ನೆಗೂ ಅಷ್ಟೇ ಗಟ್ಟಿ ದನಿ ಬೇಕು ಎಂಬುದು ನನ್ನ ಅಭಿಪ್ರಾಯ.

ವಿಷ ಬರುವ ದಾರಿ ಕಾಲುವೆ ಒಂದೇ ಅಲ್ಲ. ಗದ್ದೆಗಳ ನಡುವಿನ ಊರಿನಲ್ಲಿ ಸೊಳ್ಳೆ ವಿಪರೀತ. ಸೊಳ್ಳೆಬತ್ತಿ, ಪ್ಲಗ್ಗಿಗೆ ಸಿಕ್ಕಿಸುವ ದ್ರವ ಎರಡರಲ್ಲೂ ಇರುವುದು ಪೈರೆಥ್ರಾಯ್ಡ್ ವರ್ಗವೇ. ಗಾಳಿಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ತೊಟ್ಟಿ ಇರುವ ಕೋಣೆಯಲ್ಲಿ ಸೊಳ್ಳೆಪರದೆಯೇ ಕ್ಷೇಮ. ಕೀಟನಾಶಕ ಸಿಂಪಡಿಸಿದ ಪಾಲಕ್ ಎಲೆಯನ್ನು ಬೇಯಿಸಿ ಮೇವಾಗಿ ಹಾಕಿದರೂ ನಂಬುವಂತಿಲ್ಲ. ಮೀನಿನ ಕಾಯಿಲೆಗೆ ಮಾರುವ ತಾಮ್ರದ ಔಷಧವನ್ನಂತೂ ಹತ್ತಿರ ತರಬಾರದು. ಸೀಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವ ಹೀಮೋಸಯನಿನ್‌ನಲ್ಲೇ ತಾಮ್ರವಿದೆ, ಆದರೂ ನೀರಿನಲ್ಲಿ ಕರಗಿದ ತಾಮ್ರ ಸ್ವಲ್ಪ ಹೆಚ್ಚಾದರೂ ಅದಕ್ಕೆ ಮಾರಕ.

ಇನ್ನು ಬ್ಯಾಸಗಿ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ, 28 ಡಿಗ್ರಿಯ ಮೇಲೆ ನರಳತೊಡಗುವ ಪ್ರಾಣಿಯನ್ನು ಉಳಿಸಬಹುದೇ? ಉಳಿಸಬಹುದು, ಅದಕ್ಕೆ ನಮ್ಮ ಒಣಹವೆಯೇ ನೆರವಾಗುತ್ತದೆ. ಮಣ್ಣಿನ ಹರವಿಯ ನೀರು ಯಾಕೆ ತಣ್ಣಗಿರುತ್ತದೋ ತೊಟ್ಟಿಯ ನೀರನ್ನೂ ಅದೇ ರೀತಿ ತಣಿಸಬಹುದು: ಮುಚ್ಚಳ ತೆಗೆದು, ನೀರಿನ ಮೇಲ್ಮೈಗೆ ಸಣ್ಣ ಫ್ಯಾನು ತಿರುಗಿಸಿದರೆ ಸಾಕು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಶಾಖ ಬೇಕು. 40 ಲೀಟರಿನ ತೊಟ್ಟಿಯನ್ನು 14 ಡಿಗ್ರಿಯಷ್ಟು ಇಳಿಸಬಲ್ಲ ಶಾಖ ಅದು. ಕೋಣೆಯ ಬಿಸಿ ಮತ್ತೆ ಮತ್ತೆ ಒಳಗೆ ನುಗ್ಗುವುದರಿಂದ ಅಷ್ಟೂ ನಮಗೆ ದಕ್ಕುವುದಿಲ್ಲ, ಕೆಲವು ಡಿಗ್ರಿ ದಕ್ಕುತ್ತದೆ. ಗಾಳಿ 40 ಡಿಗ್ರಿ ಇದ್ದು ತೇವಾಂಶ ಶೇಕಡಾ 20 ಇದ್ದರೆ ಹೀಗೆ ತಣಿಸುವ ಕೊನೆಯ ಮಿತಿ ಸುಮಾರು 23 ಡಿಗ್ರಿ. ಮಂಗಳೂರಿನಂಥ ಕಡೆ 33 ಡಿಗ್ರಿ, ಶೇಕಡಾ 75 ತೇವಾಂಶ ಇದ್ದಾಗ ಆ ಮಿತಿಯೇ 29. ಬಿಸಿಲು ಕಡಿಮೆಯಿರುವ ಕರಾವಳಿಗಿಂತ ಸಿರವಾರದಲ್ಲಿ ಫ್ಯಾನು ಹೆಚ್ಚು ಕೆಲಸ ಮಾಡುತ್ತದೆ. ಕರೆಂಟು ಹೋದ ಮಧ್ಯಾಹ್ನಕ್ಕೆ ಮಾತ್ರ ಇನ್ವರ್ಟರ್ ಬೇಕು.

ಆದರೆ ಆವಿಯಾಗುವುದು ನೀರು, ಲವಣ ಅಲ್ಲ. ದಿನಕ್ಕೊಂದು ಲೀಟರ್ ಆರಿ, ಆ ಕೊರತೆಯನ್ನು 1200 ಟಿಡಿಎಸ್‌ನ ಬೋರ್ ನೀರಿನಿಂದ ತುಂಬುತ್ತ ಹೋದರೆ ತಿಂಗಳಿಗೆ 36 ಗ್ರಾಂ ಲವಣ ತೊಟ್ಟಿಯಲ್ಲಿ ಜಮೆಯಾಗುತ್ತದೆ. 233 ಇದ್ದದ್ದು 1100 ದಾಟುತ್ತದೆ. ಹೊಲಕ್ಕೆ ನೀರು ಹಾಯಿಸಿ ಹಾಯಿಸಿ ಸವುಳು ಏರಿಸಿಕೊಂಡ ನಮ್ಮ ಭಾಗದವರಿಗೆ ಈ ಲೆಕ್ಕ ಹೊಸದಲ್ಲ. ಆರಿದ ನೀರಿಗೆ ಬದಲು ಘಟಕದ ನೀರನ್ನಷ್ಟೇ ಸೇರಿಸಬೇಕು. ಬೆರಕೆ ನೀರು ಬೇಕಾಗುವುದು ವಾರಕ್ಕೊಮ್ಮೆ ಸ್ವಲ್ಪ ಹಳೆಯ ನೀರು ತೆಗೆದು ಬದಲಿಸುವಾಗ.

ಬಿಸಿಗೆ ಇನ್ನೊಂದು ಪರಿಣಾಮವಿದೆ, ನನಗೆ ಅದೇ ಎಲ್ಲಕ್ಕಿಂತ ಸೋಜಿಗ. ಚೆರ್ರಿ ಸೀಗಡಿಯ ಮರಿ ಗಂಡೋ ಹೆಣ್ಣೋ ಎಂಬುದು ನೀರಿನ ಶಾಖದಿಂದಲೂ ನಿರ್ಧಾರವಾಗುತ್ತದೆ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 20 ಡಿಗ್ರಿಯಲ್ಲಿ ಬೆಳೆದವುಗಳಲ್ಲಿ ಶೇಕಡಾ 80ರಷ್ಟು ಹೆಣ್ಣಾದವು, 23ರಲ್ಲಿ ಅರ್ಧಕ್ಕರ್ಧ, 26ರಲ್ಲಿ ಐದರಲ್ಲಿ ಒಂದೂ ಹೆಣ್ಣಲ್ಲ. ಇದನ್ನು ಸಿರವಾರದ ಪಂಚಾಂಗಕ್ಕೆ ಹೊಂದಿಸಿ ನೋಡಿ. ಮಳೆಗಾಲ ಮುಗಿಯುವ ಹೊತ್ತಿಗೆ, ದಸರೆಗೆ ತೊಟ್ಟಿ ಕೂಡಿಸಿದರೆ ದೀಪಾವಳಿ ಕಳೆದು ಕೆಲವು ವಾರಕ್ಕೆ ನೀರು ಹದಕ್ಕೆ ಬರುತ್ತದೆ. ಸೀಗಡಿ ಬಿಡಲು ಅದೇ ಸಮಯ. ಡಿಸೆಂಬರ್, ಜನವರಿಯ ತಣ್ಣನೆ ರಾತ್ರಿಗಳಲ್ಲಿ ಬೆಳೆಯುವ ಮರಿಗಳಿಂದ ತಾಯಿಬಳಗ ಸಿಗುತ್ತದೆ. ಯುಗಾದಿಯ ನಂತರದ ಮರಿಗಳನ್ನೇ ನೆಚ್ಚಿಕೊಂಡರೆ ತೊಟ್ಟಿಯ ತುಂಬ ಗಂಡುಗಳೇ. ನೀರು 32 ಮುಟ್ಟಿದರೆ ಮೊಟ್ಟೆಯ ಮಾತೇ ಇಲ್ಲ.

ಹೆಣ್ಣು ಪೊರೆ ಬಿಟ್ಟ ಕೂಡಲೇ ನೀರಿಗೆ ಒಂದು ರಾಸಾಯನಿಕ ಸಂಕೇತ ಬಿಡುತ್ತದೆ, ಗಂಡುಗಳು ಹುಚ್ಚೆದ್ದು ತೊಟ್ಟಿಯೆಲ್ಲ ಈಜುತ್ತವೆ. ಕೂಡಿದ ಮೇಲೆ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿಯ ಈಜುಕಾಲುಗಳಿಗೆ ಅಂಟಿಸಿಕೊಂಡು, ಎರಡು ಮೂರು ವಾರಕ್ಕೂ ಮಿಕ್ಕಿ ಬೀಸುತ್ತಲೇ ಇರುತ್ತದೆ. ಒಡೆದು ಬರುವುದು ಲಾರ್ವಾ ಅಲ್ಲ, ಎರಡು ಮಿಲಿಮೀಟರಿನ ಪೂರ್ಣ ಸೀಗಡಿ. ಅಮಾನೋ ಸೀಗಡಿಗೆ ಈ ಭಾಗ್ಯವಿಲ್ಲ, ಅದರ ಲಾರ್ವಾಗಳಿಗೆ ಉಪ್ಪು ಬೆರೆತ ನೀರು ಬೇಕು. ನಮ್ಮ ಕೃಷ್ಣೆಯದೇ ದೊಡ್ಡ ಸೀಗಡಿ ಮ್ಯಾಕ್ರೊಬ್ರಾಕಿಯಂ ಮಾಲ್ಕಮ್‌ಸೋನಿಯದೂ ಇದೇ ಕಥೆ. ಅದರ ಮರಿಗಳು ಬೆಳೆಯುವುದು ನದೀಮುಖದ ಚಪ್ಪೆ ಉಪ್ಪಿನ ನೀರಿನಲ್ಲಿ. ಅಲ್ಲಿಂದ ರಾಯಚೂರಿನ ಕಡೆಗೆ ಹತ್ತಿ ಬರಬೇಕಾದ ದಾರಿಯಲ್ಲಿ ಪ್ರಕಾಶಂ ಬ್ಯಾರೇಜು, ನಾಗಾರ್ಜುನಸಾಗರ, ಶ್ರೀಶೈಲ, ಜುರಾಲ ಅಣೆಕಟ್ಟೆಗಳು ನಿಂತಿವೆ.

ಚೆರ್ರಿಗೆ ಸಮುದ್ರದ ಹಂಗಿಲ್ಲದಿರುವುದೇ ಹೊರಗಿನ ನೀರಿಗೆ ಅಪಾಯ. ಜರ್ಮನಿಯಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬಿಸಿನೀರು ಸೇರುವ ಗಿಲ್‌ಬಾಖ್ ಎಂಬ ತೊರೆಯಲ್ಲಿ ಯಾರೋ ಬಿಟ್ಟ ಚೆರ್ರಿ ಸೀಗಡಿಗಳು ನೆಲೆಯೂರಿದ್ದು 2013ರಲ್ಲಿ ವರದಿಯಾಯಿತು. ನಮ್ಮಲ್ಲಿ ಬಿಸಿನೀರಿನ ನೆರವೂ ಬೇಡ. ರಾಯಚೂರಿನ ಅಂಗಡಿಗಳಲ್ಲಿ ಎಲ್ಲರ ಕಣ್ಣು ಸೆಳೆಯುವ ಫ್ಲವರ್‌ಹಾರ್ನ್ ಮೀನನ್ನು ಇಂಡೊನೇಷ್ಯಾದ ಸುಲಾವೆಸಿಯ ಮಟಾನೊ ಸರೋವರಕ್ಕೆ ಬಿಟ್ಟವರಿಂದ ಆದದ್ದು ಇದಕ್ಕಿಂತ ಕೆಟ್ಟದ್ದು. ಜಗತ್ತಿನಲ್ಲಿ ಅದೊಂದೇ ಸರೋವರದಲ್ಲಿದ್ದ, ಕೆಂಪು ಮೈಮೇಲೆ ಬಿಳಿ ಚುಕ್ಕಿಯ ಕಾರ್ಡಿನಲ್ ಸೀಗಡಿಗೆ ವಿಜ್ಞಾನಿಗಳು ಹೆಸರಿಟ್ಟದ್ದು 2009ರಲ್ಲಿ. ಇವತ್ತು ಅದು ತೀವ್ರ ಅಪಾಯದ ಪಟ್ಟಿಯಲ್ಲಿದೆ, ಸಾಕಣೆದಾರರ ತೊಟ್ಟಿಗಳಲ್ಲಿ ಉಳಿದುಕೊಂಡಿದೆ.

ಹಾಗಾಗಿ ಸೀಗಡಿ ಹೆಚ್ಚಾದರೆ ಸಾಕುವ ಇನ್ನೊಬ್ಬರಿಗೆ ಕೊಡಿ, ಕಾಲುವೆಗೋ ಕೆರೆಗೋ ಬಿಡಬೇಡಿ. ವಾರದ ನೀರು ಬದಲಿಸುವಾಗ ತೆಗೆದದ್ದನ್ನು ಮೊದಲು ಬಿಳಿ ಬಕೆಟ್ಟಿಗೆ ಹಾಕಿ ಸ್ವಲ್ಪ ಹೊತ್ತು ನೋಡಿ, ಥಟ್ಟನೆ ಕಣ್ಣಿಗೆ ಬೀಳದಷ್ಟು ಸಣ್ಣ ಮರಿಗಳು ಅದರಲ್ಲಿ ಬಂದಿರುತ್ತವೆ. ಅವನ್ನು ಚಮಚದಿಂದ ತೊಟ್ಟಿಗೆ ವಾಪಸು ಬಿಟ್ಟು, ಉಳಿದ ನೀರನ್ನು ಚರಂಡಿಗೆ ಚೆಲ್ಲದೆ ಅಂಗಳದ ಗಿಡಗಳಿಗೆ ಹಾಕಿ. ಅದರಲ್ಲಿರುವ ನೈಟ್ರೇಟ್ ಕರಿಬೇವಿಗೂ ಮಲ್ಲಿಗೆಗೂ ಒಳ್ಳೆಯ ಗೊಬ್ಬರ.