ಒಂದು ಗಾಡಿ, ಎರಡು ಎಂಜಿನು

ಒಂದು ಎತ್ತು ಎಳೆಯಲಾರದ ಹೇರನ್ನು ಎರಡು ಎತ್ತುಗಳು ಎಳೆಯುತ್ತವೆ. ಇದು ನಮ್ಮ ರೈತನಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಅಂದಮೇಲೆ, ಒಂದು ಎಂಜಿನಿನ ಬಲ ಸಾಲದ ವಾಹನಕ್ಕೆ ಎರಡನ್ನು ಜೋಡಿಸಿದರಾಯಿತು, ಅದರಲ್ಲಿ ವಿವರಿಸುವುದೇನಿದೆ ಎಂದು ತಾವು ಕೇಳಬಹುದು. ಆದರೆ ಎತ್ತಿಗೂ ಎಂಜಿನಿಗೂ ಒಂದು ಅಂತರವುಂಟು. ಜೊತೆಯದು ಹಿಂದೆ ಬಿದ್ದರೆ ಅದು ಎತ್ತಿನ ಹೆಗಲಿಗೆ ತಿಳಿಯುತ್ತದೆ, ಎಂಜಿನಿಗೆ ಹೆಗಲಿಲ್ಲ. ಆ ಅರಿವನ್ನು ಕಬ್ಬಿಣದಲ್ಲಿ ಮಾಡಿ ಕೊಡುವುದೇ ಇಲ್ಲಿಯ ಕಷ್ಟ.

ಸರಳವಾದ ಜೋಡಣೆಯನ್ನು ಮೊದಲು ನೋಡೋಣ. ಎರಡು ಎಂಜಿನುಗಳನ್ನು ಪಕ್ಕಪಕ್ಕದಲ್ಲಿಟ್ಟು, ಎರಡೂ ಸೇರಿ ಒಂದೇ ದಂಡವನ್ನು ತಿರುಗಿಸುವಂತೆ ಹಲ್ಲುಚಕ್ರಗಳಿಂದ ಕೂಡಿಸುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನವರು ಮಟಿಲ್ಡಾ ಎಂಬ ಟ್ಯಾಂಕಿಗೆ ಮಾಡಿದ್ದು ಇದನ್ನೇ. ಸುಮಾರು 26 ಟನ್ನಿನ ಆ ಉಕ್ಕಿನ ರಾಶಿಗೆ ತಕ್ಕ ಒಂಟಿ ಎಂಜಿನು ಕೈಗೆ ಸಿಗಲಿಲ್ಲ. ಬಸ್ಸಿನ ಡೀಸೆಲ್ ಎಂಜಿನುಗಳು ಸಿಕ್ಕವು. 87 ಅಶ್ವಶಕ್ತಿಯ ಎರಡನ್ನು ಜೊತೆಗೂಡಿಸಿದರು. 1940ರ ಡಿಸೆಂಬರಿನಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ನಮ್ಮ ನಾಲ್ಕನೆಯ ಭಾರತೀಯ ಡಿವಿಜನ್ನು ನಿಬೀವಾ ಶಿಬಿರದ ಮೇಲೆ ಏರಿಹೋದಾಗ ಮುಂದೆ ತೆವಳಿದ್ದು ಈ ಬಸ್ಸಿನ ಎಂಜಿನುಗಳ ಟ್ಯಾಂಕುಗಳೇ. ಅಮೆರಿಕದ ಷರ್ಮನ್ ಟ್ಯಾಂಕಿನ ಒಂದು ಬಗೆಯಲ್ಲಿಯೂ ಆರಾರು ಸಿಲಿಂಡರಿನ ಎರಡು ಡೀಸೆಲ್ಲುಗಳಿದ್ದುವು. ಒಂದೊಂದಕ್ಕೂ ಬೇರೆ ಬೇರೆ ಕ್ಲಚ್ಚು. ಒಂದು ಕೆಟ್ಟರೆ ಅದನ್ನು ಬಿಡಿಸಿ, ಇನ್ನೊಂದರ ಬಲದಿಂದ ಕುಂಟುತ್ತಲಾದರೂ ಹಿಂದಿರುಗಬಹುದಾಗಿತ್ತು. ಒಳಗೆ ಕುಳಿತ ಐದು ಮಂದಿಗೆ ಇದು ಅಶ್ವಶಕ್ತಿಯ ಲೆಕ್ಕವಲ್ಲ, ಪ್ರಾಣದ ಲೆಕ್ಕ.

ಹೀಗೆ ಕೂಡಿಸಿದ ಎಂಜಿನುಗಳು ಒಂದೇ ವೇಗದಲ್ಲಿ ತಿರುಗಲೇಬೇಕು; ಬೇರೆ ದಾರಿಯಿಲ್ಲ. ತೊಡಕು ಹುಟ್ಟುವುದು ಇಲ್ಲಿಯೇ. ಡೀಸೆಲ್ ಎಂಜಿನಿನ ವೇಗವನ್ನು ಕಾಯುವುದಕ್ಕೆ ಗವರ್ನರ್ ಎಂಬ ಸಾಧನವುಂಟು. ವೇಗ ಇಳಿದರೆ ಅದು ಎಣ್ಣೆಯನ್ನು ಹೆಚ್ಚಿಸುತ್ತದೆ, ಏರಿದರೆ ತಗ್ಗಿಸುತ್ತದೆ. ಒಂದರ ಗವರ್ನರನ್ನು ನಿಮಿಷಕ್ಕೆ 1800 ಸುತ್ತಿಗೂ ಮತ್ತೊಂದರದನ್ನು 1810ಕ್ಕೂ ಇಟ್ಟಿದೆ ಎಂದು ಭಾವಿಸಿ. ಎರಡೂ ಕಟ್ಟುನಿಟ್ಟಿನವಾದರೆ ಏನಾದೀತು? ಎರಡನೆಯದು 1810ನ್ನು ಸಾಧಿಸಿಯೇ ತೀರುತ್ತೇನೆಂದು ಹೊರೆಯನ್ನೆಲ್ಲ ತಾನೇ ಹೊರುತ್ತದೆ. ಮೊದಲನೆಯದು, ವೇಗ ತನ್ನ ಗುರುತನ್ನು ಮೀರಿತೆಂದು ಎಣ್ಣೆಯನ್ನು ಕಡಿದು ಸುಮ್ಮನೆ ಉರುಳುತ್ತದೆ. ಹತ್ತು ಸುತ್ತಿನ ವ್ಯತ್ಯಾಸಕ್ಕೆ ಒಂದು ದುಡಿದು ಸಾಯುತ್ತದೆ, ಇನ್ನೊಂದು ಸವಾರಿ ಮಾಡುತ್ತದೆ!

ಇದಕ್ಕೆ ಮದ್ದು, ಗವರ್ನರುಗಳನ್ನು ಇನ್ನಷ್ಟು ಬಿಗಿಮಾಡುವುದಲ್ಲ; ಸ್ವಲ್ಪ ಸಡಿಲಿಸುವುದು. ಹೊರೆ ಹೆಚ್ಚಿದಂತೆ ವೇಗ ತುಸು ಕುಸಿಯಲೆಂದು ಬಿಡುವುದು. ಆಗ ಮುಂದಾದದ್ದು ಹೊರೆ ಹೊತ್ತು ಕೊಂಚ ತಗ್ಗುತ್ತದೆ, ಹಿಂದುಳಿದದ್ದಕ್ಕೆ ಪಾಲು ಸಿಗುತ್ತದೆ. ಎರಡು ಎತ್ತುಗಳ ಬಲ ಸಮನಲ್ಲದಿದ್ದರೆ ನೊಗದ ಕಟ್ಟನ್ನು ನಡುವಿನಿಂದ ಬಲವಾದ ಎತ್ತಿನ ಕಡೆಗೆ ಸರಿಸುತ್ತಾರಷ್ಟೆ? ಹಂಚಿಕೆಯ ಜಾಣತನ ಅಲ್ಲಿಯದೂ ಇಲ್ಲಿಯದೂ ಒಂದೇ ಮನೆತನದ್ದು.

ಇನ್ನೊಂದು ಜೋಡಣೆ ಇದಕ್ಕಿಂತ ವಿಚಿತ್ರವಾದದ್ದು. ನನಗಂತೂ ಹೆಚ್ಚು ಸೊಗಸಾಗಿ ಕಾಣುವಂಥದ್ದು. ಲಾರಿಯ ಹಿಂದಿನ ಅಚ್ಚಿನ ನಡುವೆ ಗುಂಡನೆಯ ಪೆಟ್ಟಿಗೆಯೊಂದಿರುವುದನ್ನು ತಾವು ನೋಡಿದ್ದೀರಿ. ಅದರೊಳಗಿನ ಡಿಫರೆನ್ಷಿಯಲ್ ಒಂದು ದಂಡದ ಚಲನೆಯನ್ನು ಎರಡು ಗಾಲಿಗಳಿಗೆ ಹಂಚುತ್ತದೆ. ಅದನ್ನೇ ತಿರುವುಮುರುವಾಗಿ ಬಳಸಿ, ಎರಡು ಕಡೆಯಿಂದ ಎರಡು ಎಂಜಿನುಗಳನ್ನು ಹೂಡಿದರೆ? ಆಗ ಕೂಡುವುದು ವೇಗ. ಒಂದೇ ಎಂಜಿನು ನಡೆದಾಗ ಹೊರದಂಡ ಅದರ ಅರ್ಧ ವೇಗದಲ್ಲಿ, ಆದರೆ ಇಮ್ಮಡಿ ತಿರುಚುಬಲದಿಂದ ತಿರುಗುತ್ತದೆ. ಎರಡನೆಯದೂ ಸೇರಿದಾಗ ಬಲ ಅಷ್ಟೇ ಉಳಿದು ವೇಗ ಇಮ್ಮಡಿಸುತ್ತದೆ. ಎಂಜಿನುಗಳೇ ಗೇರುಗಳಾದಂತಾಯಿತು. ಷರತ್ತೊಂದುಂಟು: ಸುಮ್ಮನಿರುವ ಎಂಜಿನಿನ ದಂಡ ಹಿಮ್ಮೊಗವಾಗಿ ತಿರುಗದಂತೆ ಹಿಡಿದಿಡಬೇಕು. ಹಿಡಿಯದಿದ್ದರೆ ದುಡಿಯುವ ಎಂಜಿನಿನ ಶ್ರಮವೆಲ್ಲ ಅದನ್ನು ಹಿಂದಕ್ಕೆ ಸುತ್ತಿಸುವುದರಲ್ಲಿಯೇ ಕಳೆದು, ಗಾಡಿ ಕದಲುವುದಿಲ್ಲ.

ಇಂಗ್ಲೆಂಡಿನ ಕರ್ನಲ್ ಫೆಲ್ ಎಂಬವರು ಈ ತತ್ತ್ವವನ್ನು ರೈಲಿಗೆ ತಂದರು. 1950ರಲ್ಲಿ ಡರ್ಬಿಯ ಕಾರ್ಖಾನೆಯಲ್ಲಿ ಸಿದ್ಧವಾದ 10100 ಸಂಖ್ಯೆಯ ಲೋಕೋಮೋಟಿವಿನಲ್ಲಿ ತಲಾ 500 ಅಶ್ವಶಕ್ತಿಯ ನಾಲ್ಕು ಎಂಜಿನುಗಳು. ಹೊರಡುವಾಗ ಒಂದು; ವೇಗ ಏರಿದಂತೆ ಎರಡು, ಮೂರು, ನಾಲ್ಕು. ಗೇರು ಬದಲಿಸುವ ಪೆಟ್ಟಿಗೆಯೇ ಇಲ್ಲ. ಆ ನಾಲ್ಕಕ್ಕೆ ಗಾಳಿ ಊದುವುದಕ್ಕೆಂದು ಮತ್ತೆರಡು ಸಣ್ಣ ಎಂಜಿನುಗಳು ಬೇರೆ! 1958ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅದಕ್ಕೆ ಬೆಂಕಿ ಬಿತ್ತು. 1960ರಲ್ಲಿ ಒಡೆದು ಗುಜರಿಗೆ ಹಾಕಿದರು. ಅಂಥದು ಮತ್ತೊಂದು ಹುಟ್ಟಲಿಲ್ಲ. ಡೀಸೆಲ್ಲಿನಿಂದ ವಿದ್ಯುತ್ತು ಮಾಡಿ, ಅದನ್ನು ತಂತಿಯಲ್ಲಿ ಹಾಯಿಸಿ ಮೋಟಾರುಗಳನ್ನು ನಡೆಸುವುದು ರೈಲ್ವೆಯವರಿಗೆ ಹೆಚ್ಚು ಸುಲಭವಾಗಿ ಕಂಡಿತು. ಅದು ತಪ್ಪೆಂದು ಹೇಳಲಾರೆ.

ಆದರೂ ಆ ತತ್ತ್ವ ಗುಜರಿಗೆ ಹೋಗಲಿಲ್ಲ. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪ್ರಿಯಸ್ ಕಾರಿನಲ್ಲಿ ಪೆಟ್ರೋಲ್ ಎಂಜಿನು ಮತ್ತು ವಿದ್ಯುತ್ ಮೋಟಾರುಗಳನ್ನು ಕೂಡಿಸಿದ್ದು ಡಿಫರೆನ್ಷಿಯಲ್ಲಿನ ಹತ್ತಿರದ ಬಂಧುವಾದ ಹಲ್ಲುಚಕ್ರಗಳ ಗುಂಪೊಂದರಿಂದ. ನಡುವೆ ಒಂದು ಚಕ್ರ, ಅದನ್ನು ಸುತ್ತುವ ಸಣ್ಣ ಚಕ್ರಗಳು, ಹೊರಗೆ ಒಂದು ಬಳೆ. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ 2022ರಿಂದ ತಯಾರಾಗುತ್ತಿರುವ ಇನ್ನೋವಾ ಹೈಕ್ರಾಸಿನ ಹೈಬ್ರಿಡ್ ಮಾದರಿಯೂ ಇದೇ ವಂಶದ್ದು. ಹಿಂದಕ್ಕೆ ತಿರುಗದಂತೆ ಫೆಲ್ ಕಬ್ಬಿಣದ ತಡೆಯಿಂದ ಹಿಡಿದದ್ದನ್ನು ಇಲ್ಲಿ ಒಂದು ವಿದ್ಯುತ್ ಯಂತ್ರ, ಬೇಕಾದ ವೇಗದಲ್ಲಿ ಬೇಕಾದಷ್ಟೇ ಎದುರುಬಲ ಕೊಟ್ಟು, ಹಿಡಿದು ನಿಲ್ಲಿಸುತ್ತದೆ. ಹಾಗೆ ಹಿಡಿಯುವಾಗಲೇ ವಿದ್ಯುತ್ತನ್ನೂ ಉತ್ಪಾದಿಸಿ ಪಕ್ಕದ ಮೋಟಾರಿಗೆ ಕಳುಹಿಸುತ್ತದೆ.